ಎರಡು ಡ್ರಮ್ಮು, ಒಂದು ಬಜೆ ಮಡಿ: ಹಿತ್ತಲ ಕೊಳದ ಫಿಲ್ಟರುಗಳ ವಿಮರ್ಶೆ

ಮೈಸೂರಿನ ನಮ್ಮ ಮನೆಯ ಹಿತ್ತಲಿನಲ್ಲಿ ಹತ್ತು ಅಡಿ ಉದ್ದ, ಆರು ಅಡಿ ಅಗಲ, ಎರಡೂವರೆ ಅಡಿ ಆಳದ ಸಿಮೆಂಟು ಕೊಳವೊಂದಿದೆ. ಲೆಕ್ಕ ಹಾಕಿದರೆ 150 ಘನ ಅಡಿ, ಅಂದರೆ ಸುಮಾರು 4,200 ಲೀಟರ್ ನೀರು. ಅದರಲ್ಲಿ ಏಳು ಕೊಯಿ (ಬಣ್ಣಬಣ್ಣದ ಕಾರ್ಪ್ ಮೀನು), ನಾಲ್ಕು ಗೋಲ್ಡ್ ಫಿಶ್ ಮತ್ತು ಎಣಿಸಲು ಸಾಧ್ಯವಿಲ್ಲದಷ್ಟು ಗಪ್ಪಿ ಮೀನುಗಳಿವೆ. ಈ ಕೊಳಕ್ಕೆ ಎರಡು ವರ್ಷಗಳೊಳಗೆ ಮೂರು ಬಗೆಯ ಫಿಲ್ಟರುಗಳನ್ನು ಹಾಕಿ ನೋಡಿದ್ದೇನೆ. ಮೊದಲನೆಯದು ಆನ್‌ಲೈನಿನಲ್ಲಿ ತರಿಸಿದ ಸಿದ್ಧ ಪ್ರೆಷರ್ ಫಿಲ್ಟರು, ಅಂದರೆ ಮುಚ್ಚಿದ ಡಬ್ಬಿಯೊಳಗೆ ಒತ್ತಡದಿಂದ ನೀರು ಹಾಯಿಸಿ ಸೋಸುವಂಥದ್ದು; ಎರಡನೆಯದು ತರಕಾರಿ ಕ್ರೇಟುಗಳನ್ನು ಒಂದರ ಮೇಲೊಂದು ಪೇರಿಸಿ ನಾನೇ ಮಾಡಿಕೊಂಡದ್ದು; ಮೂರನೆಯದು ಕಳೆದ ಹದಿನಾಲ್ಕು ತಿಂಗಳಿನಿಂದ ಹಗಲೂ ರಾತ್ರಿ ಓಡುತ್ತಿರುವ ಎರಡು ಡ್ರಮ್ಮುಗಳ ವ್ಯವಸ್ಥೆ, ಅದರ ತುದಿಗೆ ಬಜೆ ಗಿಡಗಳ ಒಂದು ಮಡಿ. ಮೂರರಲ್ಲಿ ಯಾವುದು ನೀರನ್ನು ಹೆಚ್ಚು ತಿಳಿಗೊಳಿಸುತ್ತದೆ ಎಂಬ ಪ್ರಶ್ನೆಯನ್ನಿಟ್ಟುಕೊಂಡು ನಾನು ಹೊರಟಿದ್ದೆ. ಆದರೆ ಕೊಂಡ ಮೊದಲ ವಾರ ಎಲ್ಲ ಫಿಲ್ಟರುಗಳೂ ಚೆನ್ನಾಗಿಯೇ ಕೆಲಸ ಮಾಡುತ್ತವೆ. ಅವುಗಳ ನಡುವಿನ ವ್ಯತ್ಯಾಸ ಗೊತ್ತಾಗುವುದು ತೊಳೆಯುವ ದಿನ. ಆದುದರಿಂದ ಈ ವಿಮರ್ಶೆಯಲ್ಲಿ ತೊಳೆಯುವ ಕೆಲಸದ ಮಾತು ಹೆಚ್ಚಾಗಿಯೇ ಬರುತ್ತದೆ.

ಸಿದ್ಧ ಫಿಲ್ಟರಿನಿಂದ ಆರಂಭಿಸುತ್ತೇನೆ. ಕಂಪನಿಯ ಹೆಸರು ಇಲ್ಲಿ ಬೇಡ. ಇದೇ ಅಚ್ಚಿನ ಹಸಿರು ಮುಚ್ಚಳದ ಡಬ್ಬಿಗಳು ನಾಲ್ಕಾರು ಹೆಸರುಗಳಲ್ಲಿ ಮಾರಾಟವಾಗುತ್ತಿವೆ. ಬೆಲೆ 11,500 ರೂಪಾಯಿ. ಪೆಟ್ಟಿಗೆಯ ಮೇಲೆ 6,000 ಲೀಟರಿನ ಕೊಳಕ್ಕೆ ಸಾಕು ಎಂದು ಬರೆದಿತ್ತು. ಒಳಗೆ ಸುಮಾರು 25 ಲೀಟರ್ ಹಿಡಿಯುವ ಜಾಗ, ಅದರಲ್ಲಿ ಉಂಗುರಾಕಾರದ ಆರು ಸ್ಪಂಜುಗಳು, ಕೆಳಗೆ ಒಂದು ಹಿಡಿ ಪ್ಲಾಸ್ಟಿಕ್ ಚೆಂಡುಗಳು, ನಡುವೆ ಪಾಚಿ ಕೊಲ್ಲಲು 11 ವ್ಯಾಟಿನ ಯುವಿ (ಅತಿನೇರಳೆ) ದೀಪ. ಮೂರನೆಯ ದಿನಕ್ಕೆ ಕೊಳದ ತಳದಲ್ಲಿ ಬಿದ್ದಿದ್ದ ಐದು ರೂಪಾಯಿ ನಾಣ್ಯದ ಸಿಂಹ ಕಾಣುವಷ್ಟು ನೀರು ತಿಳಿಯಾದಾಗ ನನಗೆ ಆದ ಸಂತೋಷವನ್ನು ಈಗಲೂ ನಿರಾಕರಿಸಲಾರೆ. ಐದನೆಯ ದಿನ ನೀರು ಹೊರಬರುವ ಕೊಳವೆಯಲ್ಲಿ ಧಾರೆ ಸಣ್ಣಗಾಯಿತು. ಮುಚ್ಚಳದ ಹತ್ತು ತಿರುಪುಗಳನ್ನು ಬಿಚ್ಚಿ, ಲೋಳೆ ಮೆತ್ತಿಕೊಂಡ ಸ್ಪಂಜುಗಳನ್ನು ಒಂದೊಂದಾಗಿ ಹಿಂಡಿ, ಮತ್ತೆ ಜೋಡಿಸಿ, ರಬ್ಬರಿನ ಉಂಗುರ ಸರಿಯಾಗಿ ಕೂರದೆ ನೀರು ಸೋರುವುದನ್ನು ಕಂಡು ಮತ್ತೊಮ್ಮೆ ಬಿಚ್ಚಿ ಜೋಡಿಸುವಷ್ಟರಲ್ಲಿ ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು. ಬೇಸಿಗೆಯಲ್ಲಿ ಇದು ವಾರಕ್ಕೆರಡು ಬಾರಿಯ ಕೆಲಸವಾಯಿತು. ಒಂದು ವಾರ ಊರಿಗೆ ಹೋಗಿ ಬಂದರೆ ಸ್ಪಂಜು ಪೂರ್ತಿ ಕಟ್ಟಿಕೊಂಡು, ನೀರು ಒಳದಾರಿಯನ್ನು ಬಿಟ್ಟು ಪಕ್ಕದಿಂದ ನುಸುಳಿ, ಸೋಸದೆಯೇ ಕೊಳಕ್ಕೆ ಮರಳುತ್ತಿತ್ತು.

ದೋಷ ಕಂಪನಿಯದು ಎನ್ನುವುದಕ್ಕಿಂತ ಲೆಕ್ಕದ್ದು ಎನ್ನಬೇಕು. ಮೀನಿಗೆ ಹಾಕುವ ಆಹಾರ ಒಂದು ಕಿಲೋ ಆದರೆ ಅದರಿಂದ ನೀರಿಗೆ ಸೇರುವ ಅಮೋನಿಯ ಸುಮಾರು 30 ಗ್ರಾಂ ಎಂಬುದು ಮೀನು ಸಾಕುವವರು ಬಳಸುವ ಅಂದಾಜು. ನಾನು ದಿನಕ್ಕೆ 40 ಗ್ರಾಂ ಹಾಕುತ್ತೇನೆ. ಅಂದರೆ ದಿನಕ್ಕೆ 1.2 ಗ್ರಾಂ ಅಮೋನಿಯ. ಅದನ್ನು ಯಾರೂ ತಿನ್ನದೆ ಬಿಟ್ಟರೆ ನಮ್ಮ ಕೊಳದಲ್ಲಿ ಅದರ ಪ್ರಮಾಣ ದಿನಕ್ಕೆ 0.28 ಪಿಪಿಎಂನಷ್ಟು (ಹತ್ತು ಲಕ್ಷ ಪಾಲಿನಲ್ಲಿ 0.28 ಪಾಲು) ಏರುತ್ತಾ ಹೋಗುತ್ತದೆ. ಅದನ್ನು ತಿನ್ನುವ ಬ್ಯಾಕ್ಟೀರಿಯಾಗಳು ನೀರಿನಲ್ಲಿ ತೇಲಾಡಿಕೊಂಡಿರುವುದಿಲ್ಲ, ಯಾವುದಾದರೂ ಮೇಲ್ಮೈಗೆ ಅಂಟಿಕೊಂಡು ಬೆಳೆಯುತ್ತವೆ. ಒಂದು ಬಗೆಯವು ಅಮೋನಿಯವನ್ನು ನೈಟ್ರೈಟ್ ಮಾಡುತ್ತವೆ, ಮತ್ತೊಂದು ಬಗೆಯವು ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ಮೊದಲ ಎರಡೂ ಮೀನಿಗೆ ವಿಷ, ಮೂರನೆಯದು ಗಿಡಕ್ಕೆ ಗೊಬ್ಬರ. ಹೊಲಸನ್ನು ಹಿಡಿಯುವ ಸ್ಪಂಜಿನಲ್ಲೇ ಈ ಬ್ಯಾಕ್ಟೀರಿಯಾಗಳೂ ವಾಸ ಮಾಡಬೇಕಾದರೆ, ಹೊಲಸು ಕಟ್ಟಿದಾಗಲೆಲ್ಲ ಅವು ಉಸಿರುಗಟ್ಟುತ್ತವೆ, ಸ್ಪಂಜು ಹಿಂಡಿದಾಗಲೆಲ್ಲ ಕೊಚ್ಚಿಹೋಗುತ್ತವೆ. ಒಂದೇ ಡಬ್ಬಿಯೊಳಗೆ ಹೊಲಸು ಹಿಡಿಯುವ ಕೆಲಸವನ್ನೂ ಅಮೋನಿಯ ಕಳೆಯುವ ಕೆಲಸವನ್ನೂ ತುರುಕಿದ್ದೇ ಆ ಸಿದ್ಧ ಫಿಲ್ಟರಿನ ಮೂಲ ತೊಂದರೆ. ಅಡುಗೆಮನೆಯನ್ನೂ ಬಚ್ಚಲನ್ನೂ ಒಂದೇ ಕೋಣೆಯಲ್ಲಿ ಕಟ್ಟಿದಂತೆ.

ಐದು ತಿಂಗಳಾದ ಮೇಲೆ ಅದನ್ನು ಬಿಚ್ಚಿಟ್ಟು ಕ್ರೇಟುಗಳ ಗೋಪುರ ಕಟ್ಟಿದೆ. ಮಾರುಕಟ್ಟೆಯಲ್ಲಿ ಟೊಮೇಟೊ ತುಂಬುವ, ಮೈತುಂಬ ತೂತುಗಳಿರುವ ನಾಲ್ಕು ಹಳೆಯ ಪ್ಲಾಸ್ಟಿಕ್ ಕ್ರೇಟುಗಳನ್ನು ಪೇರಿಸಿ, ಒಳಗೆ 40 ಎಂಎಂ ಜಲ್ಲಿ ತುಂಬಿ, ಮೇಲಿನಿಂದ ತೂತು ಕೊರೆದ ಪೈಪಿನ ಮೂಲಕ ನೀರು ಸುರಿಸುವ ಏರ್ಪಾಟು. ಜಪಾನಿನ ಕೊಯಿ ಸಾಕಣೆದಾರರು ಬಕ್ಕಿ ಶವರ್ ಎಂದು ಕರೆಯುವುದು ಇದೇ ತತ್ತ್ವದ್ದು. ನೀರು ಕಲ್ಲಿನ ಮೇಲೆ ತೆಳ್ಳಗೆ ಹರಡಿ ಇಳಿಯುವಾಗ ಗಾಳಿ ಯಥೇಚ್ಛವಾಗಿ ಸೇರುತ್ತದೆ, ಅಮೋನಿಯ ಬಹಳ ಬೇಗ ಕಡಿಮೆಯಾಗುತ್ತದೆ. ಮೀನುಗಳು ಬೆಳಗಿನ ಜಾವ ಮೇಲೆ ಬಂದು ಬಾಯಿ ಬಿಡುವುದು ಪೂರ್ತಿ ನಿಂತಿತು. ಆದರೆ ಮೂರು ತಿಂಗಳಲ್ಲಿ ನಾನು ಅದನ್ನೂ ಇಳಿಸಬೇಕಾಯಿತು, ಏಕೆಂದರೆ ಕಣ್ಣಿಗೆ ಕಾಣುವ ಹೊಲಸನ್ನು ಅದು ಹಿಡಿಯಲೇ ಇಲ್ಲ, ಹಿಡಿದ ಸ್ವಲ್ಪ ಹೊಲಸು ಜಲ್ಲಿಯ ಸಂದಿಯಲ್ಲಿ ಸೇರಿಕೊಂಡು ಬಿಡಿಸಲಾಗದಂತೆ ಕೂತಿತು. ನೀರು ತುಂಬಿದ ಜಲ್ಲಿಯ ನಾಲ್ಕು ಕ್ರೇಟುಗಳನ್ನು ಇಳಿಸಿ ತೊಳೆದ ದಿನ ಬೆನ್ನು ಹಿಡಿದುಕೊಂಡು ಎರಡು ದಿನ ಮಲಗಿದ್ದೆ. ರಾತ್ರಿಯಿಡೀ ಕೇಳುವ ನೀರಿನ ಸದ್ದೂ ಪಕ್ಕದ ಮನೆಯವರಿಗೆ ಹಿಡಿಸಲಿಲ್ಲ. ಮಳೆ ಬರುತ್ತಿದೆಯೆಂದು ಅವರು ಎರಡು ಬಾರಿ ಎದ್ದು ಬಟ್ಟೆ ತೆಗೆಯಲು ಹೋಗಿದ್ದರಂತೆ.

ಇನ್ನು ಡ್ರಮ್ಮುಗಳ ವಿಷಯ. ಮೇಟಗಳ್ಳಿ ಕಡೆಯ ಗುಜರಿ ಅಂಗಡಿಯೊಂದರಲ್ಲಿ 200 ಲೀಟರಿನ ನೀಲಿ ಪ್ಲಾಸ್ಟಿಕ್ ಡ್ರಮ್ಮುಗಳು ತಲಾ 900 ರೂಪಾಯಿಗೆ ಸಿಕ್ಕವು. ಅಲ್ಲಿ ಕೊಳ್ಳುವಾಗ ಕೇಳಬೇಕಾದ ಮೊದಲ ಪ್ರಶ್ನೆ ಬೆಲೆಯದ್ದಲ್ಲ, ಒಳಗೆ ಏನಿತ್ತು ಎಂಬುದು. ಬಣ್ಣ, ಕೀಟನಾಶಕ, ಎಣ್ಣೆ ಅಥವಾ ಆಸಿಡ್ ತುಂಬಿದ್ದ ಡ್ರಮ್ಮನ್ನು ಎಷ್ಟು ತೊಳೆದರೂ ಮೀನಿಗೆ ಬಳಸಬಾರದು. ನನಗೆ ಸಿಕ್ಕವುಗಳಲ್ಲಿ ಉಪ್ಪಿನಕಾಯಿಗೆಂದು ಕತ್ತರಿಸಿದ ಮಾವಿನಕಾಯಿ ಬಂದಿತ್ತು; ಮುಚ್ಚಳ ತೆಗೆದು ಮೂಗಿಟ್ಟರೆ ಸಾಕು, ಬೇರೆ ಸಾಕ್ಷಿ ಬೇಕಾಗಿರಲಿಲ್ಲ. ಆ ವಾಸನೆ ಹೋಗಲು ಮೂರು ವಾರ ಬಿಸಿಲಿನಲ್ಲಿ ನೀರು ತುಂಬಿಸಿ ಚೆಲ್ಲಬೇಕಾಯಿತು. ಡ್ರಮ್ಮು ಇಡುವ ಜಾಗವನ್ನೂ ಮೊದಲೇ ಗಟ್ಟಿ ಮಾಡಿಕೊಳ್ಳಬೇಕು: ತುಂಬಿದಾಗ ಒಂದೊಂದೂ 200 ಕಿಲೋಗೂ ಹೆಚ್ಚು ತೂಗುತ್ತದೆ. ನಾನು ಮಣ್ಣು ದಮ್ಮಸು ಮಾಡಿ ಸೈಜುಗಲ್ಲು ಹಾಸಿ ಮಟ್ಟ ನೋಡಿ ಕೂರಿಸಿದೆ.

ಮೊದಲನೆಯ ಡ್ರಮ್ಮಿನಲ್ಲಿ ಏನೂ ಇಲ್ಲ. ಇದನ್ನು ನೋಡಲು ಬಂದವರಿಗೆ ನಂಬಿಸುವುದೇ ಕಷ್ಟ. ಕೊಳದ ಪಂಪಿನಿಂದ ಬರುವ ಒಂದು ಇಂಚಿನ ಪೈಪು ಡ್ರಮ್ಮಿನ ಅರ್ಧದಷ್ಟು ಎತ್ತರದಲ್ಲಿ ಒಳಹೊಕ್ಕು, ಎಲ್ಬೋ ಮೂಲಕ ಗೋಡೆಗೆ ಸಮನಾಗಿ ತಿರುಗಿದೆ. ಹೀಗಾಗಿ ನೀರು ಒಳಗೆ ನಿಧಾನವಾಗಿ ಸುತ್ತುತ್ತದೆ. ಲೋಟದಲ್ಲಿ ಕಾಫಿ ಕದಡಿಟ್ಟರೆ ಗಸಿ ನಡುವೆ ಬಂದು ಕೂರುವಂತೆ ಮೀನಿನ ಹಿಕ್ಕೆ, ಕೊಳೆತ ಎಲೆಯ ಚೂರು, ಉಳಿದ ಆಹಾರ ಎಲ್ಲವೂ ತಳದ ನಡುವೆ ಹೂಳಾಗಿ ಕೂರುತ್ತವೆ. ತಿಳಿಯಾದ ನೀರು ಮೇಲಿನಿಂದ ಎರಡಿಂಚಿನ ಪೈಪಿನಲ್ಲಿ ಎರಡನೆಯ ಡ್ರಮ್ಮಿಗೆ ಹೋಗುತ್ತದೆ. ಬಕೆಟ್ಟು ಮತ್ತು ಗಡಿಯಾರ ಹಿಡಿದು ಅಳೆದಾಗ 20 ಲೀಟರ್ ತುಂಬಲು 38 ಸೆಕೆಂಡು ಬೇಕಾಯಿತು, ಅಂದರೆ ಗಂಟೆಗೆ ಸುಮಾರು 1,900 ಲೀಟರ್. ಆ ಹರಿವಿನಲ್ಲಿ ಡ್ರಮ್ಮಿನೊಳಗೆ ನೀರು ನಿಮಿಷಕ್ಕೆ 12 ಸೆಂಟಿಮೀಟರಿನಷ್ಟು ಮೇಲೇರುತ್ತದೆ, ಆರು ನಿಮಿಷಕ್ಕೂ ಸ್ವಲ್ಪ ಹೆಚ್ಚು ಕಾಲ ಒಳಗಿರುತ್ತದೆ. ಹಿಕ್ಕೆ ಮುಳುಗಲು ಇಷ್ಟು ಸಮಯ ಸಾಕು. ಇದಕ್ಕಿಂತ ದೊಡ್ಡ ಪಂಪು ಹಾಕಿದರೆ ಫಿಲ್ಟರು ಇನ್ನೂ ಚೆನ್ನಾಗಿ ಓಡುತ್ತದೆ ಎಂದು ಅಂಗಡಿಯವರು ಹೇಳುವುದುಂಟು. ಈ ಡ್ರಮ್ಮಿನ ಮಟ್ಟಿಗೆ ಅದು ತಪ್ಪು, ನೀರಿನ ವೇಗ ಹೆಚ್ಚಾದಷ್ಟೂ ಹೂಳು ಕೂರದೆ ಮುಂದಕ್ಕೆ ಹೋಗುತ್ತದೆ.

ಅಂದ ಹಾಗೆ, ಪಂಪಿನ ಪೆಟ್ಟಿಗೆಯ ಮೇಲೆ ಗಂಟೆಗೆ 3,000 ಲೀಟರ್ ಎಂದಿತ್ತು. ಅದು ಸುಳ್ಳಲ್ಲ, ಆದರೆ ನೀರನ್ನು ಒಂದಿಂಚೂ ಮೇಲೆತ್ತದಿದ್ದಾಗಿನ ಅಂಕಿ. ಎತ್ತರ ಏರಿದಂತೆ, ಪೈಪು ಬಾಗಿದಂತೆ ಹರಿವು ಇಳಿಯುತ್ತದೆ. ಕೊಳದ ಪೂರ್ತಿ ನೀರು ಎರಡರಿಂದ ಎರಡೂವರೆ ಗಂಟೆಗೊಮ್ಮೆ ಫಿಲ್ಟರಿನಿಂದ ಹಾದುಹೋದರೆ ನಮ್ಮಂಥ ಕೊಳಕ್ಕೆ ಸಾಕಾಗಿದೆ. 45 ವ್ಯಾಟಿನ ಪಂಪು ದಿನವಿಡೀ ಓಡಿದರೆ 1.08 ಯೂನಿಟ್, ತಿಂಗಳಿಗೆ 32 ಯೂನಿಟ್ ಚಿಲ್ಲರೆ.

ಈ ಮೊದಲ ಡ್ರಮ್ಮಿನ ತಳದಲ್ಲಿ ಎರಡಿಂಚಿನ ಬಾಲ್ ವಾಲ್ವ್ ಇದೆ. ನನ್ನ ಇಡೀ ಮೆಚ್ಚುಗೆ ಈ ವಾಲ್ವಿಗೆ ಸಲ್ಲಬೇಕು. ಭಾನುವಾರ ಬೆಳಿಗ್ಗೆ ಪಂಪು ನಿಲ್ಲಿಸಿ, ಹತ್ತು ನಿಮಿಷ ಹೂಳು ಕೂರಲು ಬಿಟ್ಟು, ವಾಲ್ವಿನ ಹಿಡಿಯನ್ನು ಕಾಲು ಸುತ್ತು ತಿರುಗಿಸಿದರೆ ಮೊದಲು ಕಪ್ಪು, ಆಮೇಲೆ ಕಂದು, ಆಮೇಲೆ ಚಹಾದ ಬಣ್ಣದ ನೀರು ಧಾರೆಯಾಗಿ ಹೊರಬರುತ್ತದೆ. ಬಣ್ಣ ತಿಳಿಯಾಗುತ್ತಿದ್ದಂತೆ ಮುಚ್ಚಿದರೆ ಕೆಲಸ ಮುಗಿಯಿತು. ಒಟ್ಟು ಹದಿನೈದು ನಿಮಿಷ, ಕೈಗೆ ಲೋಳೆ ತಾಗುವುದಿಲ್ಲ. ಹೊರಬಂದ 60-70 ಲೀಟರ್ ನೀರು ನೇರವಾಗಿ ಬಾಳೆಯ ಬುಡಕ್ಕೂ ನಿಂಬೆ ಗಿಡಕ್ಕೂ ಹೋಗುತ್ತದೆ. ಕೆಲಸ ಇಷ್ಟು ಸುಲಭವಾದುದರಿಂದ ಅದು ತಪ್ಪದೆ ನಡೆಯುತ್ತದೆ. ಸಿದ್ಧ ಫಿಲ್ಟರನ್ನು ತೊಳೆಯುವುದನ್ನು ನಾನು ಯಾವುದಾದರೂ ನೆಪ ಹೇಳಿ ಮುಂದೂಡುತ್ತಿದ್ದೆ. ಮುಕ್ಕಾಲಿಂಚಿನ ನಲ್ಲಿ ಹಾಕಿದರೂ ಸಾಕಲ್ಲವೇ ಎಂದು ಕೇಳಿದವರಿಗೆ ಹೇಳುವುದಿಷ್ಟೇ: ನಾನು ಮೊದಲು ಅದನ್ನೇ ಹಾಕಿದ್ದೆ, ಎರಡನೆಯ ವಾರ ಅದರ ಬಾಯಿಗೆ ಒಂದು ಸಂಪಿಗೆ ಎಲೆ ಅಡ್ಡ ಬಂದು ಡ್ರಮ್ಮಿನೊಳಗೆ ತಲೆಕೆಳಗಾಗಿ ಇಳಿದು ತೆಗೆಯಬೇಕಾಯಿತು.

ತೂತು ಕೊರೆದು, ಪೈಪು ಜೋಡಿಸಲು ಬೇಕಾದ ಟ್ಯಾಂಕ್ ನಿಪ್ಪಲ್ ಕೂರಿಸುವಾಗ ಒಂದು ತೊಡಕಿದೆ. ನಮ್ಮ ಪ್ಲಂಬರ್ ಡ್ರಮ್ಮನ್ನು ಒಮ್ಮೆ ನೋಡಿ, "ಸಾರ್, ಡ್ರಮ್ಮು ಗುಂಡಗಿದೆ, ವಾಷರ್ ಚಪ್ಪಟೆ ಇದೆ, ಅದು ಹೆಂಗೆ ಕೂರುತ್ತೆ?" ಎಂದರು. ನೀರಿನ ಟ್ಯಾಂಕಿನಲ್ಲಿ ನಿಪ್ಪಲ್ ಹಾಕಲು ಚಪ್ಪಟೆ ಜಾಗ ಬಿಟ್ಟಿರುತ್ತಾರೆ, ಡ್ರಮ್ಮಿನಲ್ಲಿ ಇರುವುದಿಲ್ಲ. ಸಿಲಿಕೋನ್ ಬಳಿದರೆ ಈ ಬಗೆಯ ಪ್ಲಾಸ್ಟಿಕ್ಕಿಗೆ ಅದು ಗಟ್ಟಿಯಾಗಿ ಹಿಡಿಯುವುದಿಲ್ಲ, ಕೆಲವು ವಾರಗಳಲ್ಲಿ ಸಿಪ್ಪೆಯಂತೆ ಎದ್ದು ಬರುತ್ತದೆ. ಕೊನೆಗೆ ಪಂಕ್ಚರ್ ಅಂಗಡಿಯಿಂದ ಲಾರಿ ಟ್ಯೂಬಿನ ದಪ್ಪ ರಬ್ಬರನ್ನು ತಂದು, ಒಳಗೆ ಎರಡು ಪದರ, ಹೊರಗೆ ಎರಡು ಪದರ ವಾಷರ್ ಕತ್ತರಿಸಿ ಹಾಕಿ ಬಿಗಿದರು. ಹದಿನಾಲ್ಕು ತಿಂಗಳಲ್ಲಿ ನಾಲ್ಕು ನಿಪ್ಪಲ್‌ಗಳ ಪೈಕಿ ಮೂರು ಒಂದು ಹನಿಯೂ ಸೋರಿಲ್ಲ. ನಾಲ್ಕನೆಯದನ್ನು ಅವರಿಲ್ಲದಾಗ ನಾನು ಕೂರಿಸಿದ್ದು.

ಎರಡನೆಯ ಡ್ರಮ್ಮಿನಲ್ಲಿ ನೀರು ಕೆಳಗಿನಿಂದ ಮೇಲಕ್ಕೆ ಏರುತ್ತದೆ. ತಳದಿಂದ ಒಂದು ಅಡಿ ಮೇಲೆ ಪಿವಿಸಿ ಪೈಪಿನ ಚೌಕಟ್ಟಿನ ಮೇಲೆ ಕ್ರೇಟಿನ ತುಂಡು ಕೂರಿಸಿ ಜಾಲರಿ ಮಾಡಿದ್ದೇನೆ, ಅದರ ಮೇಲೆ ಬ್ಯಾಕ್ಟೀರಿಯಾಗಳಿಗೆ ಮನೆಯಾಗುವ ಸಾಮಗ್ರಿ. ಇಲ್ಲಿ ಏನು ತುಂಬಬೇಕೆಂಬುದರ ಬಗ್ಗೆ ಜನರ ನಡುವೆ ಬಹಳ ವಾದವಿದೆ, ನಾನು ಕೈಗೆ ಸಿಕ್ಕವನ್ನೆಲ್ಲ ಹಾಕಿ ನೋಡಿದ್ದೇನೆ. ನಮ್ಮ ತಾಯಿಯವರ ಸಲಹೆಯಂತೆ ಮೊದಲು ತೆಂಗಿನ ನಾರು ತುಂಬಿದೆ: ಸೋಸುವುದೇನೋ ಚೆನ್ನಾಗಿ ಸೋಸಿತು, ಆದರೆ ಕೊಳದ ನೀರು ಕಷಾಯದ ಬಣ್ಣಕ್ಕೆ ತಿರುಗಿತು, ಎರಡು ತಿಂಗಳಲ್ಲಿ ನಾರು ಕೊಳೆಯಲು ಶುರುವಾಯಿತು. ಇದ್ದಿಲು ಕೆಲವು ವಾರ ಬಣ್ಣವನ್ನೂ ವಾಸನೆಯನ್ನೂ ಹೀರಿ ಆಮೇಲೆ ಸುಮ್ಮನಾಗುತ್ತದೆ. ಮರಳು ಎರಡೇ ದಿನದಲ್ಲಿ ಕಟ್ಟಿಕೊಂಡಿತು. ಹಾಸಿಗೆ ಅಂಗಡಿಯ ಸ್ಪಂಜು ಆರು ತಿಂಗಳಲ್ಲಿ ಪುಡಿಪುಡಿಯಾಗಿ ಪಂಪಿಗೆ ಸೇರುತ್ತದೆ. ಉಳಿದವು ಎರಡು. ಪಾತ್ರೆ ಉಜ್ಜುವ, ಪ್ಲಾಸ್ಟಿಕ್ ಎಳೆಯನ್ನು ಸುರುಳಿ ಸುತ್ತಿದಂಥ ಗುಂಡನೆಯ ಉಜ್ಜುಗಗಳನ್ನು ಸಗಟು ಅಂಗಡಿಯಲ್ಲಿ ಡಜನ್ ಲೆಕ್ಕದಲ್ಲಿ ಕೊಂಡು ಈರುಳ್ಳಿ ಚೀಲಗಳಲ್ಲಿ ತುಂಬಿ ಹಾಕಿದ್ದು ಒಂದು. ತೋಟಗಾರಿಕೆಯವರು ಬಳಸುವ ಶೇಡ್ ನೆಟ್ಟಿನ ಉಳಿಕೆ ತುಂಡುಗಳನ್ನು ಸಡಿಲವಾಗಿ ಸುತ್ತಿ ಜೋಡಿಸಿದ್ದು ಇನ್ನೊಂದು. ಎರಡೂ ಕೊಳೆಯುವುದಿಲ್ಲ, ಹಗುರ, ಬೇಗ ಕಟ್ಟಿಕೊಳ್ಳುವುದಿಲ್ಲ, ಎತ್ತಿ ಒಮ್ಮೆ ಜಾಲಾಡಿದರೆ ಸಾಕು. ಉಜ್ಜುಗ ಕೊಳ್ಳುವಾಗ ಸೋಪು ತುಂಬಿದ್ದೋ ಕ್ರಿಮಿನಾಶಕ ಬಳಿದದ್ದೋ ಅಲ್ಲವೆಂದು ನೋಡಿಕೊಳ್ಳಬೇಕು.

ದುಡ್ಡು ಖರ್ಚು ಮಾಡಲು ಸಿದ್ಧರಿರುವವರಿಗೆ ಕೆ1 ಎಂಬ ಸಣ್ಣ ಚಕ್ರಾಕಾರದ ಪ್ಲಾಸ್ಟಿಕ್ ತುಣುಕುಗಳಿವೆ. ನಾರ್ವೆಯಲ್ಲಿ 1980ರ ದಶಕದ ಕೊನೆಯಲ್ಲಿ ಕೊಳಚೆ ನೀರಿನ ಶುದ್ಧೀಕರಣಕ್ಕೆಂದು ರೂಪಿಸಿದ ಈ ವಿಧಾನವೇ ಇಂದು ಬೆಂಗಳೂರಿನ ಎಷ್ಟೋ ಅಪಾರ್ಟ್‌ಮೆಂಟುಗಳ ಎಸ್‌ಟಿಪಿಗಳಲ್ಲಿ (ಕೊಳಚೆ ನೀರು ಶುದ್ಧೀಕರಣ ಘಟಕಗಳಲ್ಲಿ) ಬಳಕೆಯಲ್ಲಿದೆ. ಒಂದು ಘನ ಮೀಟರ್ ಕೆ1ರಲ್ಲಿ ಬ್ಯಾಕ್ಟೀರಿಯಾ ಬೆಳೆಯಬಲ್ಲ ಒಳಮೈ ಸುಮಾರು 500 ಚದರ ಮೀಟರ್. ಜಲ್ಲಿಯಲ್ಲಿ ಅದರ ಸಣ್ಣ ಪಾಲಷ್ಟೇ ಸಿಗುತ್ತದೆ. ಅದು ಚೆನ್ನಾಗಿ ಕೆಲಸ ಮಾಡಬೇಕಾದರೆ ಗಾಳಿಯ ಪಂಪಿನಿಂದ ಸದಾ ಕದಡುತ್ತಿರಬೇಕು, ಅಂದರೆ ಇನ್ನೊಂದು ಯಂತ್ರ, ಇನ್ನೊಂದು ವಯರು. ಏಳು ಕೊಯಿಗಳಿಗೆ ಅದು ಅಗತ್ಯವೆಂದು ನನಗೆ ಅನ್ನಿಸಲಿಲ್ಲ.

ಫಿಲ್ಟರು ಕಟ್ಟಿದ ದಿನವೇ ಅದು ಅಮೋನಿಯ ಕಳೆಯುವ ಕೆಲಸ ಆರಂಭಿಸುವುದಿಲ್ಲ. ಬ್ಯಾಕ್ಟೀರಿಯಾಗಳು ನೆಲೆಗೊಳ್ಳಲು ನಮ್ಮ ಹವೆಯಲ್ಲಿ ನಾಲ್ಕರಿಂದ ಆರು ವಾರ ಬೇಕು. ಎರಡನೆಯ ವಾರ ಹನಿ ಪರೀಕ್ಷೆಯ ಶೀಶೆ ಹಳದಿಯಿಂದ ಹಸಿರಿಗೆ ತಿರುಗಿ ಅಮೋನಿಯ 1 ಪಿಪಿಎಂ ತೋರಿಸಿದಾಗ ನಾನು ಆಹಾರವನ್ನು ಪೂರ್ತಿ ನಿಲ್ಲಿಸಿ ಮೂರನೇ ಒಂದು ಪಾಲು ನೀರನ್ನು ಬದಲಾಯಿಸಿದೆ. ಸಿಮೆಂಟಿನ ಕೊಳವಿರುವವರು ಇಲ್ಲಿ ಹೆಚ್ಚು ಎಚ್ಚರದಿಂದಿರಬೇಕು. ಸಿಮೆಂಟು ಹೊಸದಾಗಿದ್ದರೆ ಸುಣ್ಣದ ಅಂಶ ಬಿಟ್ಟು ನೀರಿನ ಪಿಎಚ್ (ಕ್ಷಾರತೆಯ ಅಳತೆ) ಏರಿಸುತ್ತದೆ, ಪಿಎಚ್ 7ರಿಂದ 8ಕ್ಕೆ ಏರಿದರೆ ಅದೇ ಪ್ರಮಾಣದ ಅಮೋನಿಯದಲ್ಲಿ ಮೀನಿಗೆ ವಿಷವಾಗುವ ಭಾಗ ಸುಮಾರು ಹತ್ತು ಪಟ್ಟಾಗುತ್ತದೆ. ಗೆಳೆಯರೊಬ್ಬರ ಹಳೆಯ ಕೊಳದಿಂದ ಒಂದು ಚೀಲ ಉಜ್ಜುಗಗಳನ್ನು ಒದ್ದೆಯಾಗಿಯೇ ತಂದು ನಮ್ಮ ಡ್ರಮ್ಮಿಗೆ ಸೇರಿಸಿದ ಮೇಲೆ ಚೇತರಿಕೆ ವೇಗವಾಯಿತು. ಹಾಲಿಗೆ ಹೆಪ್ಪು ಹಾಕಿದಂತೆಯೇ. ಐದನೆಯ ವಾರದ ಕೊನೆಗೆ ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿದವು, ಅಂದಿನಿಂದ ಏರಿಲ್ಲ. ಈ ಚೀಲಗಳನ್ನು ತೊಳೆಯಬೇಕಾದಾಗ ಕೊಳದ ನೀರನ್ನೇ ಬಕೆಟ್ಟಿಗೆ ತೆಗೆದುಕೊಂಡು ಅದ್ದಿ ತೆಗೆಯಬೇಕು. ಕಾವೇರಿ ನಲ್ಲಿ ನೀರಿನಲ್ಲಿ ತೊಳೆದರೆ ಅದರಲ್ಲಿರುವ ಕ್ಲೋರಿನ್, ಹೆಪ್ಪನ್ನೇ ಸಾಯಿಸುತ್ತದೆ.

ಈ ಡ್ರಮ್ಮಿನಿಂದ ಹೊರಬಂದ ನೀರು ಆರು ಅಡಿ ಉದ್ದ, ಎರಡು ಅಡಿ ಅಗಲ, ಒಂದು ಅಡಿ ಆಳದ ಜಲ್ಲಿ ಮಡಿಯೊಂದರ ಮೂಲಕ ಹಾದು ಕೊಳಕ್ಕೆ ಬೀಳುತ್ತದೆ. ಮಡಿಯಲ್ಲಿ ಬಜೆ, ಕಾಬಾಳೆ ಮತ್ತು ಒಂದಿಷ್ಟು ಲಾವಂಚ ನೆಟ್ಟಿದ್ದೇನೆ. ತುಮಕೂರು ಜಿಲ್ಲೆಯ ಕೊರಟಗೆರೆ ಸುತ್ತ ಹೊಲಗಳಲ್ಲಿ ಬೆಳೆಯುವ ಬಜೆ ನೀರು ನಿಂತ ಜಾಗವನ್ನೇ ಬಯಸುವ ಗಿಡ. ಅದರ ಕತ್ತಿಯಂಥ ಎಲೆಗಳು ನಾಲ್ಕು ತಿಂಗಳಲ್ಲಿ ಮೂರಡಿ ಎತ್ತರಕ್ಕೆ ಎದ್ದವು. ನೈಟ್ರೇಟನ್ನು ಗಿಡಗಳು ಹೀರುವುದರಿಂದ ನೀರು ಬದಲಾಯಿಸುವ ಕೆಲಸ ಅರ್ಧಕ್ಕೆ ಇಳಿದಿದೆ. ಆದರೆ ಬರೀ ಜಲ್ಲಿ ಮಡಿಯೊಂದೇ ಸಾಕು, ಡ್ರಮ್ಮೇ ಬೇಡ ಎನ್ನುವವರ ಮಾತಿಗೆ ನನ್ನ ಒಪ್ಪಿಗೆಯಿಲ್ಲ. ಹೂಳನ್ನು ಮೊದಲೇ ಇಳಿಸಿಕೊಳ್ಳದಿದ್ದರೆ ಅದೆಲ್ಲ ಜಲ್ಲಿಯೊಳಗೆ ಸೇರಿ, ಗಾಳಿಯಾಡದೆ ಕಪ್ಪಾಗಿ, ಕೆದಕಿದರೆ ಕೊಳೆತ ಮೊಟ್ಟೆಯ ವಾಸನೆ ಬರುವ ಕೆಸರಾಗುತ್ತದೆ. ಗಿಡದ ಬೇರು ಹೆಣೆದುಕೊಂಡ ಜಲ್ಲಿಯನ್ನು ಬಗೆದು ತೊಳೆಯುವುದು ಯಾರಿಂದಲೂ ಆಗುವ ಕೆಲಸವಲ್ಲ. ಬಲಿತ ಎಲೆಗಳನ್ನು ಆಗಾಗ ಕತ್ತರಿಸಿ ಹೊರಗೆ ಹಾಕುವುದನ್ನೂ ಮರೆಯಬಾರದು, ಅವು ಅಲ್ಲೇ ಕೊಳೆತರೆ ಹೀರಿಕೊಂಡದ್ದನ್ನೆಲ್ಲ ನೀರಿಗೇ ಹಿಂತಿರುಗಿಸುತ್ತವೆ.

ಇಷ್ಟಾದರೂ ಡ್ರಮ್ಮಿನ ಫಿಲ್ಟರು ಹಸಿರು ನೀರನ್ನು ತಿಳಿ ಮಾಡುವುದಿಲ್ಲ ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು. ನೀರಿಗೆ ಹಸಿರು ಬಣ್ಣ ಕೊಡುವ ಪಾಚಿ ಒಂದೊಂದೂ ಕೆಲವೇ ಮೈಕ್ರಾನಿನಷ್ಟು ಸಣ್ಣದು, ಯಾವ ಉಜ್ಜುಗಕ್ಕೂ ಬಲೆಗೂ ಸಿಗುವುದಿಲ್ಲ. ಈ ವಿಷಯದಲ್ಲಿ ಸಿದ್ಧ ಫಿಲ್ಟರಿನ ಯುವಿ ದೀಪವೇ ಮೇಲು. ಮೊದಲ ಎರಡು ತಿಂಗಳು ನಮ್ಮ ಕೊಳ ಹೆಸರುಬೇಳೆ ತೊವ್ವೆಯ ಹಾಗಿತ್ತು. ಮಧ್ಯಾಹ್ನದ ಬಿಸಿಲಿಗೆ ಅಡ್ಡವಾಗಿ ಶೇಡ್ ನೆಟ್ ಕಟ್ಟಿ, ಬಜೆ ಚಿಗುರಿದ ಮೇಲೆ ತಾನಾಗಿ ತಿಳಿಯಾಯಿತು. ಕಾಯುವ ತಾಳ್ಮೆ ಇಲ್ಲದವರು ಪ್ರತ್ಯೇಕವಾಗಿ ಯುವಿ ಹಾಕಿಕೊಳ್ಳಬಹುದು, ಆದರೆ ದೀಪ ಉರಿಯುತ್ತಿದ್ದರೂ ಒಂದು ವರ್ಷದಷ್ಟರಲ್ಲಿ ಅದರ ಶಕ್ತಿ ಕುಗ್ಗಿರುತ್ತದೆ, ಬದಲಾಯಿಸಲೇಬೇಕು.

ನನ್ನಿಂದಾದ ಎರಡು ತಪ್ಪುಗಳನ್ನೂ ದಾಖಲಿಸುತ್ತೇನೆ. ಎರಡನೆಯ ಡ್ರಮ್ಮಿನ ಹೊರದಾರಿಗೆ ಒಂದು ರಾತ್ರಿ ಪಾಚಿಯ ಮುದ್ದೆ ಅಡ್ಡ ಬಂದು, ಡ್ರಮ್ಮು ತುಂಬಿ ಹರಿದು, ಕೊಳದ ನೀರೆಲ್ಲ ಪಕ್ಕದ ಸೈಟಿನ ಪಾಲಾಯಿತು. ಬೆಳಿಗ್ಗೆ ನೋಡುವಾಗ ಮೊಣಕಾಲಿಗಿಂತ ಕೆಳಗಿನ ನೀರಿನಲ್ಲಿ ಕೊಯಿಗಳ ಬೆನ್ನು ಹೊರಗೆ ಕಾಣುತ್ತಿತ್ತು. ಪಂಪನ್ನು ತಳದಲ್ಲೇ ಇಟ್ಟಿದ್ದರಿಂದ ಇನ್ನೊಂದು ಗಂಟೆ ತಡವಾಗಿದ್ದರೆ ಅಷ್ಟೂ ಬರಿದಾಗುತ್ತಿತ್ತು. ಈಗ ಪಂಪು ತಳದಿಂದ ಒಂದೂವರೆ ಅಡಿ ಮೇಲೆ ಕಲ್ಲಿನ ಮೇಲೆ ಕೂತಿದೆ, ಡ್ರಮ್ಮಿಗೆ ನೇರವಾಗಿ ಕೊಳಕ್ಕೇ ಬೀಳುವ ಎರಡನೆಯ ಹೊರದಾರಿಯೂ ಇದೆ. ತಳದ ಹೂಳು ಪಂಪಿಗೆ ಸ್ವಲ್ಪ ಕಡಿಮೆ ಸಿಗುತ್ತದೆ, ನಿಜ; ಅದಕ್ಕೆ ತಿಂಗಳಿಗೊಮ್ಮೆ ಪೈಪಿನಿಂದ ಎಳೆದು ಹಾಕುತ್ತೇನೆ.

ಇನ್ನೊಂದು ಮಾನ ಹೋದ ಪ್ರಸಂಗ. ಡೆಂಗಿ ಸಮೀಕ್ಷೆಗೆ ಮನೆಮನೆಗೆ ಬರುವ ಆಶಾ ಕಾರ್ಯಕರ್ತೆಯೊಬ್ಬರು ಕೊಳವನ್ನು ನೋಡಿ, ಗಪ್ಪಿ ಇವೆಯೆಂದು ಮೆಚ್ಚಿ, ಹೊರಡುವ ಮುನ್ನ ಎರಡನೆಯ ಡ್ರಮ್ಮಿನೊಳಗೆ ಟಾರ್ಚು ಬಿಟ್ಟರು. "ಸಾರ್, ಸ್ವಲ್ಪ ಇಲ್ಲಿ ಬಂದು ನೋಡಿ" ಎಂದರು. ನೀರು ಹೆಚ್ಚು ಅಲುಗಾಡದ ಅಂಚಿನಲ್ಲಿ ಹತ್ತಾರು ಲಾರ್ವಾಗಳು ತಲೆಕೆಳಗಾಗಿ ತೂಗಾಡುತ್ತಿದ್ದವು. ಮೀನು ಇರುವಲ್ಲಿ ಸೊಳ್ಳೆ ಇರುವುದಿಲ್ಲ ಎಂದು ಊರಿಗೆಲ್ಲ ಹೇಳುತ್ತಿದ್ದ ನಾನು ಮೀನಿಲ್ಲದ ಜಾಗವೊಂದನ್ನು ಕೈಯಾರೆ ಕಟ್ಟಿಕೊಂಡಿದ್ದೆ. ಅಂದೇ ಸೊಳ್ಳೆ ಪರದೆಯ ಬಟ್ಟೆಯನ್ನು ಎರಡೂ ಡ್ರಮ್ಮುಗಳ ಬಾಯಿಗೆ ಹಾಕಿ ಸೈಕಲ್ ಟ್ಯೂಬಿನಿಂದ ಬಿಗಿದು ಕಟ್ಟಿದೆ, ಎರಡನೆಯದಕ್ಕೆ ಐದಾರು ಗಪ್ಪಿಗಳನ್ನೂ ಬಿಟ್ಟೆ.

ಕರೆಂಟು ಹೋದಾಗ ಏನು ಮಾಡಬೇಕೆಂದು ಹಲವರು ಕೇಳುತ್ತಾರೆ. ಎರಡು ಮೂರು ಗಂಟೆಗೆ ಏನೂ ಆಗುವುದಿಲ್ಲ. ಇಡೀ ದಿನ ಹೋದರೆ, ಪಂಪನ್ನು ಮತ್ತೆ ಚಾಲೂ ಮಾಡುವ ಮುನ್ನ ಎರಡೂ ಡ್ರಮ್ಮುಗಳ ನೀರನ್ನು ಹೊರಕ್ಕೆ ಬಿಡಬೇಕು. ನಿಂತ ನೀರಿನಲ್ಲಿ ಆಮ್ಲಜನಕ ಮುಗಿದು ಹುಟ್ಟಿದ ವಿಷವನ್ನು ಕೊಳಕ್ಕೆ ತಳ್ಳಬಾರದು. ಕೊಳದೊಳಗಿನ ಪಂಪಿಗೆ ವಿದ್ಯುತ್ ಸೋರಿದೊಡನೆ ಕರೆಂಟು ಕಡಿಯುವ 30 ಮಿಲಿಆಂಪಿನ ಆರ್‌ಸಿಸಿಬಿ ಇಲ್ಲದೆ ಯಾರೂ ನೀರಿಗೆ ಕೈ ಹಾಕಬಾರದು. ಇದ್ದರೂ ಪ್ಲಗ್ ಕಿತ್ತೇ ಕೈ ಹಾಕಬೇಕು.

ಖರ್ಚಿನ ಲೆಕ್ಕ: ಡ್ರಮ್ಮುಗಳಿಗೆ 1,800, ಪೈಪು, ವಾಲ್ವ್, ನಿಪ್ಪಲ್‌ಗಳಿಗೆ 2,350, ಉಜ್ಜುಗ, ಜಲ್ಲಿ ಮುಂತಾದವಕ್ಕೆ 1,900, ಪಂಪಿಗೆ 2,900, ಒಟ್ಟು 8,950 ರೂಪಾಯಿ, ಪ್ಲಂಬರ್ ಕೂಲಿ ಬೇರೆ. ಬಜೆ ಗಡ್ಡೆಯನ್ನು ಗೆಳೆಯರು ಕೊಟ್ಟರು. ಸಿದ್ಧ ಫಿಲ್ಟರಿನ ಬೆಲೆಯಲ್ಲಿ ಪಂಪು ಸೇರಿರಲಿಲ್ಲ ಎಂಬುದನ್ನು ಗಮನಿಸಬೇಕು. ಅಂದದ ವಿಷಯದಲ್ಲಿ ಡ್ರಮ್ಮುಗಳಿಗೆ ನಾನು ಅಂಕ ಕೊಡಲಾರೆ: ಎರಡು ನೀಲಿ ಪೀಪಾಯಿಗಳನ್ನು ಹಿತ್ತಲಿನಲ್ಲಿಟ್ಟುಕೊಂಡು ಉದ್ಯಾನವೆಂದು ಕರೆಯುವುದು ಕಷ್ಟ, ಮುಂದೆ ಬಿದಿರಿನ ತಟ್ಟಿ ಕಟ್ಟಿ ಮರೆಮಾಡಿದ್ದೇನೆ. ಜಾಗವೂ ಹೆಚ್ಚು ಬೇಕು. ಬಾಲ್ಕನಿಯ ಸಣ್ಣ ತೊಟ್ಟಿಗೆ ಇದು ಆಗಿಬರುವುದಿಲ್ಲ. ಒಂದು ಸಾವಿರ ಲೀಟರಿಗಿಂತ ದೊಡ್ಡ ಕೊಳ, ನೀರು ಹರಿಸಲು ನಾಲ್ಕು ಗಿಡ, ಭಾನುವಾರ ಕಾಲು ಗಂಟೆ ಇರುವವರಿಗೆ ನಾನು ಯಾವ ಅಳುಕೂ ಇಲ್ಲದೆ ಡ್ರಮ್ಮನ್ನೇ ಸೂಚಿಸುತ್ತೇನೆ.

ಸಿದ್ಧ ಫಿಲ್ಟರನ್ನು ಮಾರಲಿಲ್ಲ. ಹೊಸದಾಗಿ ತಂದ ಮೀನುಗಳನ್ನು ಮೂರು ವಾರ ಬೇರೆಯಾಗಿ ಇಡುವ 500 ಲೀಟರಿನ ತೊಟ್ಟಿಗೆ ಅದನ್ನೇ ಜೋಡಿಸಿದ್ದೇನೆ. ಅಷ್ಟು ನೀರಿಗೆ, ಎರಡು ಸಣ್ಣ ಮೀನುಗಳಿಗೆ ಅದು ಸೊಗಸಾಗಿ ಕೆಲಸ ಮಾಡುತ್ತದೆ, ತಿಂಗಳಿಗೊಮ್ಮೆ ಬಿಚ್ಚಿದರೂ ನಡೆಯುತ್ತದೆ. ಡ್ರಮ್ಮಿನ ನಾಲ್ಕನೆಯ ನಿಪ್ಪಲ್ ಮಾತ್ರ ಗಂಟೆಗೆ ಒಂದು ಲೋಟದಷ್ಟು ಸೋರುತ್ತಲೇ ಇದೆ. ಅದರ ಅಡಿಯಲ್ಲಿ ತಾನಾಗಿ ಹುಟ್ಟಿದ ಕೆಸುವಿನ ಗಿಡವೊಂದು ಈಗ ಒಂದು ಮೊಳ ಅಗಲದ ಎಲೆ ಬಿಟ್ಟಿರುವುದರಿಂದ ಪ್ಲಂಬರನ್ನು ಕರೆಸುವುದನ್ನು ಪತ್ರೊಡೆಯ ಕಾಲ ಮುಗಿಯುವವರೆಗೆ ಮುಂದೂಡಿದ್ದೇನೆ.